ನಿಮ್ಮ ಕ್ಲಸ್ಟರ್‌ಗೆ ಯಾವ ಗಡಿಯಾರ? ಎನ್‌ಟಿಪಿ, ಪಿಟಿಪಿ, ಜಿಪಿಎಸ್, ಲಾಜಿಕಲ್ ಕ್ಲಾಕ್‌ಗಳ ಹೋಲಿಕೆ

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಎರಡು ಸರ್ವರ್‌ಗಳ ಲಾಗ್ ಮುಂದಿಟ್ಟುಕೊಂಡು ಕೂತಿದ್ದೆ. ಪ್ರಶ್ನೆ ಹೋಗುವ 3 ಸೆಕೆಂಡ್ ಮೊದಲೇ ಉತ್ತರ ಬಂದಿತ್ತು! ಕೋಡನ್ನು ಬೈದೆ, ಕ್ಯೂ ಬೈದೆ, ನೆಟ್‌ವರ್ಕ್ ನೋಡಿಕೊಳ್ಳುವವರನ್ನೂ ಮನಸ್ಸಿನಲ್ಲೇ ಬೈದೆ. ಕೊನೆಗೆ ಸಿಕ್ಕಿದ್ದು ಇಷ್ಟೇ: ಒಂದು ಮಷೀನಿನಲ್ಲಿ ಟೈಮ್ ಸಿಂಕ್ ಮಾಡುವ ಸರ್ವಿಸ್ ಹಿಂದಿನ ದಿನ ನಿಂತುಹೋಗಿತ್ತು. ಯಾರಿಗೂ ಗೊತ್ತಾಗಿರಲಿಲ್ಲ, ಯಾವ ಅಲಾರ್ಮೂ ಕೂಗಿರಲಿಲ್ಲ.

ಅವತ್ತಿನಿಂದ ಕ್ಲಸ್ಟರಿನ, ಅಂದರೆ ಒಟ್ಟಿಗೆ ದುಡಿಯುವ ಸರ್ವರ್‌ಗಳ ಗುಂಪಿನ, ಗಡಿಯಾರಗಳ ವಿಷಯದಲ್ಲಿ ಯಾರಾದರೂ ಸಲಹೆ ಕೇಳಿದರೆ ನನ್ನ ಮೊದಲ ಮರುಪ್ರಶ್ನೆ ಬದಲಾಗಿದೆ. ಬಹಳ ಜನ ಕೇಳುವುದು "ಯಾವುದು ಹೆಚ್ಚು ನಿಖರ? ಎನ್‌ಟಿಪಿ ಸಾಕಾ, ಪಿಟಿಪಿ ಹಾಕಲಾ, ಜಿಪಿಎಸ್ ರಿಸೀವರ್ ತರಿಸಲಾ?" ಎಂದು. (ಎನ್‌ಟಿಪಿ, ಪಿಟಿಪಿ ಎಂದರೆ ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ಎರಡು ವಿಧಾನ. ಜಿಪಿಎಸ್ ರಿಸೀವರ್ ಉಪಗ್ರಹದಿಂದ ಸಮಯ ತರುತ್ತದೆ.) ನಾನು ಕೇಳುವುದು: ಅದು ಕೆಟ್ಟಾಗ ಹೇಗೆ ಕೆಡುತ್ತದೆ? ಕೆಟ್ಟದ್ದು ನಿಮಗೆ ಗೊತ್ತಾಗುತ್ತದಾ? ನಿಖರತೆಯೇ ಬೇರೆ, ನಂಬಿಕೆಯೇ ಬೇರೆ. ಒಂದು ಮೈಕ್ರೋಸೆಕೆಂಡೂ ಆಚೀಚೆ ಆಗದ ಗಡಿಯಾರ ಒಂದು ದಿನ ಎಲ್ಲರಿಗೂ ಒಟ್ಟಿಗೆ ತಪ್ಪು ಸಮಯ ಹೇಳಬಹುದು. ಎಷ್ಟೋ ಸಲ 5 ಮಿಲಿಸೆಕೆಂಡ್ ಅಲುಗಾಡುವ, ಆದರೆ ಸುಳ್ಳುಗಾರನನ್ನು ಹಿಡಿಯುವ ವ್ಯವಸ್ಥೆಯೇ ಅದಕ್ಕಿಂತ ವಾಸಿ.

ಮೊದಲು ಅಳತೆಗೋಲು

ಗಡಿಯಾರ ಯಾಕೆ ಜಾರುತ್ತದೆ ಎನ್ನುವುದರಿಂದ ಶುರು ಮಾಡೋಣ. ಕಂಪ್ಯೂಟರಿನ ಒಳಗಿರುವುದು ಒಂದು ಅಗ್ಗದ ಕ್ವಾರ್ಟ್ಜ್ ಹರಳು. ಬಿಸಿಯಾದರೆ, ತಣ್ಣಗಾದರೆ, ಹಳೆಯದಾದರೆ ಅದರ ಮಿಡಿತ ಚೂರು ಬದಲಾಗುತ್ತದೆ. ದಶಲಕ್ಷದಲ್ಲಿ ಒಂದು ಭಾಗದಷ್ಟು ವ್ಯತ್ಯಾಸ ಇದ್ದರೆ ದಿನಕ್ಕೆ 86.4 ಮಿಲಿಸೆಕೆಂಡ್ ಜಾರುತ್ತದೆ. ಸಾಮಾನ್ಯ ಸರ್ವರ್‌ಗಳಲ್ಲಿ ದಶಲಕ್ಷಕ್ಕೆ ಹತ್ತಾರು ಭಾಗ ತಪ್ಪುವುದು ಮಾಮೂಲು. 35 ಭಾಗ ತಪ್ಪಿದರೆ ದಿನಕ್ಕೆ ಸುಮಾರು 3 ಸೆಕೆಂಡ್. ನನ್ನ ಆ ರಾತ್ರಿಯ ಲೆಕ್ಕ ಅಲ್ಲಿಗೆ ಸರಿಹೋಯಿತು.

ಆಯ್ಕೆಗೆ ಮೊದಲು ಈ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ.

ಎಷ್ಟು ತಪ್ಪನ್ನು ನಿಮ್ಮ ಕೆಲಸ ತಡೆದುಕೊಳ್ಳುತ್ತದೆ? ಕಂಪನಿ ಜಾಲಗಳಲ್ಲಿ ಬಳಕೆದಾರರ ಗುರುತು ಪರೀಕ್ಷಿಸುವ ಕೆರ್ಬೆರೋಸ್ ಲಾಗಿನ್ ಸಾಮಾನ್ಯವಾಗಿ 5 ನಿಮಿಷದವರೆಗೆ ಸುಮ್ಮನಿರುತ್ತದೆ. ಹಲವು ಸರ್ವರ್‌ಗಳ ಲಾಗ್ ಒಟ್ಟಿಗೆ ಓದಬೇಕಾದರೆ ಕೆಲವೇ ಮಿಲಿಸೆಕೆಂಡ್‌ಗಿಂತ ಜಾಸ್ತಿ ಆಗಬಾರದು. ಯುರೋಪಿನಲ್ಲಿ ಅತಿ ವೇಗದ ಷೇರು ವ್ಯವಹಾರ ಮಾಡುವವರಿಗೆ ನಿಯಮವೇ 100 ಮೈಕ್ರೋಸೆಕೆಂಡ್ ಎನ್ನುತ್ತದೆ. 5ಜಿ ಟವರ್‌ಗಳ ಒಂದು ಬಗೆಯಲ್ಲಿ ಅದು ಒಂದೂವರೆ ಮೈಕ್ರೋಸೆಕೆಂಡ್.

ನಿಮಗೆ ಬೇಕಾದದ್ದು ನಿಜವಾದ ಸಮಯವೋ, ಅಥವಾ ಯಾವುದು ಮೊದಲು ಯಾವುದು ಆಮೇಲೆ ಎನ್ನುವ ಕ್ರಮವೋ? ಇದನ್ನು ಕೇಳಿಕೊಳ್ಳದೆ ದುಡ್ಡು ಸುರಿದವರನ್ನು ನೋಡಿದ್ದೇನೆ. ಕ್ರಮ ಮಾತ್ರ ಸಾಕಾದರೆ ಗಡಿಯಾರವೇ ಬೇಡದ ದಾರಿಗಳಿವೆ.

ಸಮಯ ಕೊಡುವ ಮೂಲ ಸತ್ತರೆ ಏನು, ಸುಳ್ಳು ಹೇಳಿದರೆ ಏನು? ಇವೆರಡೂ ಬೇರೆ ಬೇರೆ ರೋಗ. ಸತ್ತರೆ ಗೊತ್ತಾಗುತ್ತದೆ. ಸುಳ್ಳು ಹೇಳಿದರೆ ಗೊತ್ತಾಗುವಂತೆ ನೀವೇ ಏರ್ಪಾಡು ಮಾಡಬೇಕು.

ಕಡೆಯದು ಖರ್ಚು. ಪೆಟ್ಟಿಗೆಯ ಬೆಲೆ ಒಂದೇ ಅಲ್ಲ, ಅದನ್ನು ನೋಡಿಕೊಳ್ಳುವ ಮನುಷ್ಯನ ಸಮಯವೂ ಖರ್ಚೇ.

ಎನ್‌ಟಿಪಿ: ಎಲ್ಲರೂ ಶುರು ಮಾಡಬೇಕಾದ ಜಾಗ

ಡೇವಿಡ್ ಮಿಲ್ಸ್ ರೂಪಿಸಿದ ಎನ್‌ಟಿಪಿ 1985ರಿಂದ ಇದೆ. ಕೆಲಸ ಸರಳ. ನಿಮ್ಮ ಮಷೀನ್ "ಟೈಮ್ ಎಷ್ಟು?" ಎಂದು ಸರ್ವರನ್ನು ಕೇಳುತ್ತದೆ. ಪ್ರಶ್ನೆ ಹೊರಟಿದ್ದು, ಅಲ್ಲಿ ತಲುಪಿದ್ದು, ಉತ್ತರ ಹೊರಟಿದ್ದು, ಇಲ್ಲಿ ತಲುಪಿದ್ದು ಎಂದು ನಾಲ್ಕು ಟೈಮ್‌ಸ್ಟಾಂಪ್ ಸಿಗುತ್ತವೆ. ಅವುಗಳಿಂದ ದಾರಿಯ ಸಮಯ ಕಳೆದು, ಉಳಿದದ್ದನ್ನು ಗಡಿಯಾರದ ವ್ಯತ್ಯಾಸ ಎಂದು ತಿಳಿಯುತ್ತದೆ.

ಇಲ್ಲೊಂದು ತೊಡಕು ಇದೆ. ಹೋಗುವ ದಾರಿಗೂ ಬರುವ ದಾರಿಗೂ ಒಂದೇ ಸಮಯ ಹಿಡಿಯಿತು ಎಂದು ಈ ಲೆಕ್ಕ ನಂಬುತ್ತದೆ. ಹೋಗಲು 30 ಮಿಲಿಸೆಕೆಂಡ್, ಬರಲು 10 ಆಗಿದ್ದರೆ ನಿಮ್ಮ ಗಡಿಯಾರ 10 ಮಿಲಿಸೆಕೆಂಡ್ ತಪ್ಪಾಗಿ ನಿಲ್ಲುತ್ತದೆ, ಅದೂ ಎಲ್ಲ ಸರಿಯಾಗಿದೆ ಎಂಬ ಧೈರ್ಯದಲ್ಲಿ. ಎಷ್ಟು ಸಲ ಕೇಳಿದರೂ ಈ ತಪ್ಪು ಹೋಗುವುದಿಲ್ಲ. ಆದ್ದರಿಂದ ಇಂಟರ್ನೆಟ್ ಮೂಲಕ ಕೆಲವು ಮಿಲಿಸೆಕೆಂಡಿನಿಂದ ಹತ್ತಾರು ಮಿಲಿಸೆಕೆಂಡ್, ಒಳ್ಳೆಯ ಲೋಕಲ್ ನೆಟ್‌ವರ್ಕಿನಲ್ಲಿ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಎಂದು ಇಟ್ಟುಕೊಳ್ಳಿ.

ಎನ್‌ಟಿಪಿ ಎಂದರೆ ಒಂದೇ ಪ್ರೋಗ್ರಾಂ ಅಲ್ಲ. ಲಿನಕ್ಸ್‌ನ ಸಿಸ್ಟಮ್‌ಡಿ ಜೊತೆ ಬರುವ ಟೈಮ್‌ಸಿಂಕ್‌ಡಿ ತುಂಬ ಹಗುರ. ಆದರೆ ಅದು ಒಂದು ಹೊತ್ತಿಗೆ ಒಂದೇ ಸರ್ವರಿನ ಮಾತು ಕೇಳುತ್ತದೆ. ನಾಲ್ಕು ಹೆಸರು ಬರೆದುಕೊಟ್ಟರೂ ಒಂದನ್ನು ಇನ್ನೊಂದರ ಜೊತೆ ತಾಳೆ ನೋಡುವುದಿಲ್ಲ. ಲ್ಯಾಪ್‌ಟಾಪಿಗೆ ಸರಿ. ಡೇಟಾಬೇಸ್ ಓಡುವ ಕಡೆ ನಾನಂತೂ ಇಡುವುದಿಲ್ಲ. ಹಳೆಯ ಎನ್‌ಟಿಪಿಡಿ ನಿಧಾನದ ಹಿರಿಯ: ವ್ಯತ್ಯಾಸ 128 ಮಿಲಿಸೆಕೆಂಡ್ ಒಳಗಿದ್ದರೆ ಮೆಲ್ಲಗೆ ತಳ್ಳುತ್ತದೆ, ಮೀರಿದರೆ ಜಿಗಿಸುತ್ತದೆ, 1000 ಸೆಕೆಂಡ್ ಮೀರಿದರೆ "ಇದು ನನ್ನ ಕೈಲಾಗದು" ಎಂದು ನಿಂತೇಬಿಡುತ್ತದೆ. ಮೆಲ್ಲಗೆ ತಳ್ಳುವಾಗ ಅದರ ವೇಗದ ಮಿತಿ ದಶಲಕ್ಷಕ್ಕೆ 500 ಭಾಗ. ಅಂದರೆ ಒಂದು ಸೆಕೆಂಡ್ ಸರಿಪಡಿಸಲು 2000 ಸೆಕೆಂಡ್ ಬೇಕು. ಕ್ರೋನಿ ಇವೆರಡಕ್ಕಿಂತ ಚುರುಕು. ಬೇಗ ಹೊಂದಿಕೊಳ್ಳುತ್ತದೆ. ನೆಟ್‌ವರ್ಕ್ ಆಗಾಗ ಕಡಿಯುವ ಕಡೆಯಲ್ಲಿ, ನಿದ್ದೆಗೆ ಹೋಗಿ ಏಳುವ ವರ್ಚುವಲ್ ಮಷೀನ್‌ಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಹೊಸದಾಗಿ ಹಾಕುವವರಿಗೆ ನನ್ನ ಉತ್ತರ ಕ್ರೋನಿಯೇ. ಇದರಲ್ಲಿ ಜಾಸ್ತಿ ಯೋಚಿಸುವ ಅಗತ್ಯ ಇಲ್ಲ.

ಯೋಚಿಸಬೇಕಾದ್ದು ಎಷ್ಟು ಸರ್ವರ್ ಎನ್ನುವುದನ್ನು. ಒಂದೇ ಇದ್ದರೆ ಅದು ಹೇಳಿದ್ದೇ ವೇದ. ಎರಡಿದ್ದರೆ ಜಗಳ ಆಗಿದೆ ಎಂದು ಗೊತ್ತಾಗುತ್ತದೆ, ಯಾರು ಸರಿ ಎಂದು ಗೊತ್ತಾಗುವುದಿಲ್ಲ. ಮೂರಿದ್ದರೆ ಒಬ್ಬ ಸುಳ್ಳುಗಾರನನ್ನು ಬಹುಮತದಿಂದ ಹೊರಗೆ ಹಾಕಬಹುದು. ಎನ್‌ಟಿಪಿ ಮಂದಿಯ ಭಾಷೆಯಲ್ಲಿ ಅವನಿಗೆ ಫಾಲ್ಸ್‌ಟಿಕರ್ ಎಂದೇ ಹೆಸರು. ಆದರೆ ಮೂರರಲ್ಲಿ ಒಂದು ಸರ್ವರ್ ಕೆಟ್ಟು ಕೂತ ದಿನ ಮತ್ತೆ ಎರಡರ ಜಗಳಕ್ಕೆ ಬರುತ್ತೀರಿ. ಹಾಗಾಗಿ ನಾಲ್ಕು ಇಡಿ. ಐದಾದರೂ ಸರಿ.

2012ರ ನವೆಂಬರ್ 19ರಂದು ಅಮೆರಿಕದ ನೌಕಾ ವೀಕ್ಷಣಾಲಯದ ಟಿಕ್ ಮತ್ತು ಟಾಕ್ ಎಂಬ ಎರಡು ಹೆಸರಾಂತ ಸರ್ವರ್‌ಗಳು ಸ್ವಲ್ಪ ಹೊತ್ತು 2000ನೇ ಇಸವಿ ಎಂದು ಹೇಳಿಬಿಟ್ಟವು. ಅವೆರಡನ್ನೇ ನಂಬಿದ್ದ ಕೆಲವು ಜಾಲಗಳು ಹನ್ನೆರಡು ವರ್ಷ ಹಿಂದೆ ಹೋದವು. ಎರಡೂ ಒಂದೇ ಮಾತು ಹೇಳುತ್ತಿದ್ದವು, ಹಾಗಾಗಿ ಅಲ್ಲಿ ಜಗಳವೂ ಕಾಣಲಿಲ್ಲ. ನಾಲ್ಕು ಸರ್ವರ್ ಇಟ್ಟುಕೊಂಡು ನಾಲ್ಕೂ ಒಂದೇ ಸಂಸ್ಥೆಯವು, ಒಂದೇ ಮಾದರಿಯ ಜಿಪಿಎಸ್ ಹಿಂದಿಟ್ಟುಕೊಂಡವು ಆದರೆ ಓಟು ನಾಲ್ಕಲ್ಲ, ಒಂದೇ. ಬೇರೆ ಬೇರೆ ಯಜಮಾನರ, ಬೇರೆ ಬೇರೆ ದಾರಿಯ ಸರ್ವರ್ ಆರಿಸಿಕೊಳ್ಳಿ.

ಒಂದು ಬೆರಕೆ ಮಾತ್ರ ಬೇಡ. ಭೂಮಿಯ ತಿರುಗುವಿಕೆಗೆ ಹೊಂದಿಸಲು ಆಗೊಮ್ಮೆ ಈಗೊಮ್ಮೆ ಗಡಿಯಾರಕ್ಕೆ ಸೇರಿಸುವ ಒಂದು ಸೆಕೆಂಡಿಗೆ ಲೀಪ್ ಸೆಕೆಂಡ್ ಎನ್ನುತ್ತಾರೆ. ಅದನ್ನು ಕೆಲವು ದೊಡ್ಡ ಕಂಪನಿಗಳ ಸರ್ವರ್‌ಗಳು 24 ಗಂಟೆಗೆ ತೆಳ್ಳಗೆ ಸವರಿ ಹಂಚುತ್ತವೆ. ಉಳಿದವು ಒಂದೇ ಏಟಿಗೆ ಸೇರಿಸುತ್ತವೆ. ಎರಡು ಬಗೆಯನ್ನೂ ಒಂದೇ ಪಟ್ಟಿಯಲ್ಲಿಟ್ಟರೆ ಆ ದಿನ ಅರ್ಧ ಸೆಕೆಂಡಿನವರೆಗೂ ಅವುಗಳಲ್ಲಿ ಒಮ್ಮತ ಇರುವುದಿಲ್ಲ. 1972ರಿಂದ 27 ಲೀಪ್ ಸೆಕೆಂಡ್ ಬಂದಿವೆ, ಕೊನೆಯದು 2016ರ ಡಿಸೆಂಬರ್ 31ಕ್ಕೆ. 2035ರೊಳಗೆ ಈ ಪದ್ಧತಿಯನ್ನು ಬಿಡುವುದು ಎಂದು 2022ರಲ್ಲಿ ತೂಕ ಅಳತೆಗಳ ಜಾಗತಿಕ ಸಮ್ಮೇಳನ ತೀರ್ಮಾನಿಸಿದೆ. ಅಲ್ಲಿಯವರೆಗೆ ಹುಷಾರು.

ಇನ್ನು ಭದ್ರತೆ. ಹಳೆಯ ಎನ್‌ಟಿಪಿ ಉತ್ತರಕ್ಕೆ ಸಹಿ ಇರುವುದಿಲ್ಲ, ದಾರಿಯಲ್ಲಿ ಯಾರಾದರೂ ತಿದ್ದಬಹುದು. 2020ರಲ್ಲಿ ಬಂದ ಎನ್‌ಟಿಎಸ್ ಇದನ್ನು ಸರಿಪಡಿಸುತ್ತದೆ, ಕ್ರೋನಿಯಲ್ಲಿ ಇದೆ. ಆದರೆ ಅದು ಉತ್ತರ ಯಾರದ್ದು ಎಂದಷ್ಟೇ ಖಾತ್ರಿ ಮಾಡುತ್ತದೆ. ದಾರಿಯಲ್ಲಿ ಬೇಕೆಂದೇ ತಡಮಾಡಿಸಿದರೆ, ಅಥವಾ ಆ ಸರ್ವರೇ ತಪ್ಪಾಗಿದ್ದರೆ, ಸಹಿ ಏನು ಮಾಡೀತು?

ಪಿಟಿಪಿ: ವೇಗದವರಿಗೆ, ಆದರೆ ಒಬ್ಬನೇ ಯಜಮಾನ

ಎನ್‌ಟಿಪಿಯ ತಪ್ಪಿನ ದೊಡ್ಡ ಪಾಲು ಬರುವುದು ಕಾಯುವುದರಿಂದ. ಪ್ಯಾಕೆಟ್ (ಸಂದೇಶದ ತುಣುಕು) ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿ ಕಾಯುತ್ತದೆ, ಮಷೀನ್‌ಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್‌ನ ಕ್ಯೂನಲ್ಲಿ ಕಾಯುತ್ತದೆ. ಐಇಇಇ 1588 ಎಂಬ ಮಾನದಂಡದ ಪಿಟಿಪಿ ಇದನ್ನೇ ಹಿಡಿದು ತೆಗೆಯುತ್ತದೆ. ಮೊದಲ ಆವೃತ್ತಿ 2002ರದ್ದು, ಆಮೇಲೆ 2008 ಮತ್ತು 2019ರಲ್ಲಿ ಪರಿಷ್ಕರಣೆ ಆಯಿತು. ಪ್ಯಾಕೆಟ್ ತಂತಿ ಮುಟ್ಟುವ ಕ್ಷಣದಲ್ಲೇ ನೆಟ್‌ವರ್ಕ್ ಕಾರ್ಡು ಟೈಮ್‌ಸ್ಟಾಂಪ್ ಹಾಕುತ್ತದೆ. ದಾರಿಯ ಸ್ವಿಚ್‌ಗಳೂ ಪಿಟಿಪಿ ಬಲ್ಲವಾದರೆ ತಮ್ಮಲ್ಲಿ ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ಬರೆದು ಕಳಿಸುತ್ತವೆ. ಎಲ್ಲ ಸರಿ ಇದ್ದರೆ ಒಂದು ಮೈಕ್ರೋಸೆಕೆಂಡಿಗಿಂತ ಕಡಿಮೆ ವ್ಯತ್ಯಾಸ. ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಲ್ಲಿ ಹುಟ್ಟಿದ ವೈಟ್ ರ್‍ಯಾಬಿಟ್ ಇದನ್ನೇ ಇನ್ನೂ ಎಳೆದು ಒಂದು ನ್ಯಾನೋಸೆಕೆಂಡಿಗಿಂತ ಕೆಳಗೆ ತಂದಿದೆ. ಅದು ಬೇಕಾದವರು ಈ ಬರಹ ಓದುತ್ತಾ ಕೂರುವುದಿಲ್ಲ ಬಿಡಿ.

"ಎಲ್ಲ ಸರಿ ಇದ್ದರೆ" ಎನ್ನುವುದರಲ್ಲೇ ಖರ್ಚು ಅಡಗಿದೆ. ಕಾರ್ಡು ಬೆಂಬಲಿಸಬೇಕು. ನಡುವಿನ ಪ್ರತಿ ಸ್ವಿಚ್ಚೂ ಬೆಂಬಲಿಸಬೇಕು. ಒಂದು ಹಳೆಯ ಸ್ವಿಚ್ ಮಧ್ಯೆ ಸೇರಿಕೊಂಡರೆ, ಟ್ರಾಫಿಕ್ ಏರಿದಾಗ ನಿಖರತೆ ಕೈಬಿಡುತ್ತದೆ. ಹಾರ್ಡ್‌ವೇರ್ ಬೆಂಬಲ ಇಲ್ಲದೆ ಬರೀ ಸಾಫ್ಟ್‌ವೇರಿನಲ್ಲಿ ಪಿಟಿಪಿ ಓಡಿಸಿದರೆ ಚೆನ್ನಾಗಿ ಹೊಂದಿಸಿದ ಕ್ರೋನಿಗಿಂತ ದೊಡ್ಡ ಲಾಭ ಏನೂ ಸಿಗುವುದಿಲ್ಲ. ಹಾರ್ಡ್‌ವೇರ್ ಟೈಮ್‌ಸ್ಟಾಂಪ್ ಕ್ರೋನಿಗೂ ಬಳಸಲು ಬರುತ್ತದೆ. ಕಾರ್ಡು ಇದ್ದರೆ ಮೊದಲು ಅದನ್ನು ಪ್ರಯತ್ನಿಸಿ ನೋಡಿ, ಬಹಳ ಜನಕ್ಕೆ ಅಲ್ಲಿಗೇ ಸಾಕಾಗುತ್ತದೆ.

ನನಗೆ ಜಾಸ್ತಿ ಕಿರಿಕಿರಿ ಮಾಡುವುದು ಇನ್ನೊಂದು. ಪಿಟಿಪಿಯಲ್ಲಿ ಎಲ್ಲರೂ ಒಬ್ಬ ಗ್ರ್ಯಾಂಡ್‌ಮಾಸ್ಟರ್ ಹಿಂದೆ ಹೋಗುತ್ತಾರೆ. ಆ ಯಜಮಾನನನ್ನು ಆರಿಸುವುದು ಹೇಗೆ? ಪ್ರತಿ ಗಡಿಯಾರವೂ "ನನ್ನ ದರ್ಜೆ ಇದು, ನನ್ನ ನಿಖರತೆ ಇಷ್ಟು" ಎಂದು ಸಾರುತ್ತದೆ, ಚೆನ್ನಾಗಿ ಹೇಳಿಕೊಂಡವನು ಗೆಲ್ಲುತ್ತಾನೆ. ಯಜಮಾನ ಸತ್ತರೆ ಕೆಲವು ಸೆಕೆಂಡಿನಲ್ಲಿ ಇನ್ನೊಬ್ಬ ಬರುತ್ತಾನೆ, ಅದು ಚೆನ್ನಾಗಿಯೇ ನಡೆಯುತ್ತದೆ. ಯಜಮಾನ ಬದುಕಿದ್ದು ಸುಳ್ಳು ಹೇಳಿದರೆ ಮಾತ್ರ ಎಲ್ಲರೂ ಒಟ್ಟಿಗೆ, ಒಂದು ಮೈಕ್ರೋಸೆಕೆಂಡೂ ಹಿಂದೆ ಬೀಳದೆ, ತಪ್ಪು ಸಮಯಕ್ಕೆ ಹೋಗುತ್ತಾರೆ. ಎನ್‌ಟಿಪಿಯಲ್ಲಿ ಪುಕ್ಕಟೆ ಸಿಗುವ ಬಹುಮತದ ಪರೀಕ್ಷೆ ಇಲ್ಲಿಲ್ಲ. ಪಿಟಿಪಿ ಹಾಕುವುದಾದರೆ ಪಕ್ಕದಲ್ಲಿ ಮೂರ್ನಾಲ್ಕು ಎನ್‌ಟಿಪಿ ಸರ್ವರ್ ಇಟ್ಟು ತಾಳೆ ನೋಡಿ. ಯಜಮಾನನಿಗೂ ಅವಕ್ಕೂ ಕೆಲವು ಮಿಲಿಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಅಲಾರ್ಮ್ ಕೂಗಬೇಕು.

ಸ್ವಂತ ಜಿಪಿಎಸ್ ರಿಸೀವರ್

"ಬೇರೆಯವರನ್ನು ಯಾಕೆ ಕೇಳಬೇಕು, ಆಕಾಶದಿಂದಲೇ ತರೋಣ" ಎನ್ನುವವರಿಗೆ ಇದು. ಸಮಯಕ್ಕೆಂದೇ ಮಾಡಿದ ರಿಸೀವರ್ ಪ್ರತಿ ಸೆಕೆಂಡಿಗೆ ಒಂದು ಮಿಡಿತ ಕೊಡುತ್ತದೆ. ಆ ಮಿಡಿತ ಹತ್ತಾರು ನ್ಯಾನೋಸೆಕೆಂಡ್ ಒಳಗೆ ಸರಿ ಇರುತ್ತದೆ, ಅದನ್ನು ಹಿಡಿದ ಸರ್ವರ್ ಮೈಕ್ರೋಸೆಕೆಂಡ್ ಮಟ್ಟದಲ್ಲಿ ನಿಲ್ಲುತ್ತದೆ. ಅಗ್ಗದ ಯುಎಸ್‌ಬಿ ಜಿಪಿಎಸ್ ಕಡ್ಡಿ ಇದಲ್ಲ. ಮಿಡಿತದ ತಂತಿ ಇಲ್ಲದೆ ಬರೀ ಸಂದೇಶ ಓದಿದರೆ ಇಂಟರ್ನೆಟ್ ಎನ್‌ಟಿಪಿಗಿಂತಲೂ ಕೆಟ್ಟ ಫಲಿತಾಂಶ ಬರಬಹುದು. ಆಂಟೆನಾಗೆ ತೆರೆದ ಆಕಾಶ ಬೇಕು, ಛಾವಣಿಯಿಂದ ಕೇಬಲ್ ಇಳಿಸಬೇಕು, ಸಿಡಿಲಿನಿಂದ ಕಾಯಬೇಕು. ಡೇಟಾ ಸೆಂಟರಿನಲ್ಲಿ ಜಾಗ ಬಾಡಿಗೆಗೆ ಪಡೆದವರಿಗೆ ಈ ಅನುಮತಿಯೇ ಅರ್ಧ ಯುದ್ಧ.

ಉಪಗ್ರಹವೂ ತಪ್ಪುತ್ತದೆ. 2016ರ ಜನವರಿ 26ರಂದು ಒಂದು ಹಳೆಯ ಜಿಪಿಎಸ್ ಉಪಗ್ರಹವನ್ನು ಸೇವೆಯಿಂದ ತೆಗೆದಾಗ ಬೇರೆ ಕೆಲವು ಉಪಗ್ರಹಗಳು ಸುಮಾರು 13 ಮೈಕ್ರೋಸೆಕೆಂಡ್ ತಪ್ಪಿದ ಸಮಯ ಸಾರಿದವು. ನಕ್ಷೆ ನೋಡುವವರಿಗೆ ಏನೂ ಅನ್ನಿಸಲಿಲ್ಲ. ಸಮಯಕ್ಕಾಗಿ ಅದನ್ನು ನಂಬಿದ್ದ ಟೆಲಿಕಾಂ ಉಪಕರಣಗಳು ಕೂಗಿಕೊಂಡವು. ಇನ್ನೊಂದು, ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 2019ರ ಏಪ್ರಿಲ್ 6ರಂದು ಹಾಗಾಯಿತು. ಹಳೆಯ ಫರ್ಮ್‌ವೇರ್ ಇದ್ದ ರಿಸೀವರ್ ಅಂಥ ಹೊತ್ತಿಗೆ ಸುಮಾರು 20 ವರ್ಷ ಹಿಂದಕ್ಕೆ ಜಾರಬಹುದು. ಸಂಕೇತ ತುಂಬ ಕ್ಷೀಣವಾದ್ದರಿಂದ ಹತ್ತಿರದ ಸಣ್ಣ ಜಾಮರ್ (ಸಂಕೇತ ಕೆಡಿಸುವ ಉಪಕರಣ) ಕೂಡ ಅದನ್ನು ಮುಳುಗಿಸುತ್ತದೆ.

ಹಾಗಾಗಿ ಪೆಟ್ಟಿಗೆ ಕೊಳ್ಳುವಾಗ ನೋಡಬೇಕಾದ್ದು ಆಕಾಶ ಕಾಣದಿದ್ದಾಗ ಅದು ಎಷ್ಟು ಹೊತ್ತು ತನ್ನ ಕಾಲ ಮೇಲೆ ನಿಲ್ಲುತ್ತದೆ ಎನ್ನುವುದನ್ನು. ಇದಕ್ಕೆ ಹೋಲ್ಡೋವರ್ ಎನ್ನುತ್ತಾರೆ. ಒಳಗಿರುವುದು ಸಾಮಾನ್ಯ ಹರಳಾದರೆ ಗಂಟೆಗಳಲ್ಲಿ ಮಿಲಿಸೆಕೆಂಡ್ ಮಟ್ಟಕ್ಕೆ ಜಾರುತ್ತದೆ. ಬಿಸಿಪೆಟ್ಟಿಗೆಯಲ್ಲಿಟ್ಟ ಹರಳು ಅದಕ್ಕಿಂತ ಎಷ್ಟೋ ಪಾಲು ಮೇಲು. ರುಬಿಡಿಯಂ ಪರಮಾಣು ಗಡಿಯಾರವಾದರೆ ದಿನಕ್ಕೆ ಕೆಲವೇ ಮೈಕ್ರೋಸೆಕೆಂಡ್. ಬೆಲೆಯೂ ಅದೇ ಕ್ರಮದಲ್ಲಿ ಏರುತ್ತದೆ. ನಿಮಗೆ ಬೇಕಾದದ್ದು ಮಿಲಿಸೆಕೆಂಡ್ ಮಾತ್ರವಾದರೆ ರುಬಿಡಿಯಂ ಶೋಕಿ. ಒಳ್ಳೆಯ ಹರಳಿನ ಪೆಟ್ಟಿಗೆ ಮತ್ತು ನಾಲ್ಕು ಹೊರಗಿನ ಎನ್‌ಟಿಪಿ ಸರ್ವರ್ ಅದಕ್ಕಿಂತ ಕ್ಷೇಮ.

ಕ್ಲೌಡ್‌ನಲ್ಲಿ ಇರುವವರು ಈ ಭಾಗವನ್ನು ದಾಟಬಹುದು. ದೊಡ್ಡ ಕ್ಲೌಡ್‌ಗಳು ಒಳಗಿನಿಂದಲೇ ಸಮಯ ಕೊಡುತ್ತವೆ. ಅಮೆಜಾನ್ 2017ರಿಂದ ಕೊಡುತ್ತಿದೆ, 2023ರಿಂದ ಕೆಲವು ಬಗೆಯ ಮಷೀನ್‌ಗಳಿಗೆ ಮೈಕ್ರೋಸೆಕೆಂಡ್ ಮಟ್ಟದಲ್ಲಿ. ಅದನ್ನೇ ಬಳಸಿ. ಎರಡು ಕ್ಲೌಡ್‌ಗಳಲ್ಲಿ ಹರಡಿಕೊಂಡಿದ್ದರೆ ಮಾತ್ರ ಎರಡರ ಲೀಪ್ ಸೆಕೆಂಡ್ ನಡವಳಿಕೆ ಒಂದೇನಾ ಎಂದು ನೋಡಿಕೊಳ್ಳಿ.

ಗಡಿಯಾರವೇ ಬೇಡ ಎಂದರೆ

1978ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಒಂದು ಸರಳ ಮಾತು ಹೇಳಿದರು. ಎರಡು ಘಟನೆಗಳಲ್ಲಿ ಒಂದರ ಸುದ್ದಿ ಇನ್ನೊಂದನ್ನು ತಲುಪಿದ್ದರೆ ಮಾತ್ರ "ಮೊದಲು, ಆಮೇಲೆ" ಎನ್ನುವುದಕ್ಕೆ ಅರ್ಥ. ಹಾಗಾದರೆ ಸಮಯ ಯಾಕೆ, ಒಂದು ಎಣಿಕೆ ಸಾಕಲ್ವಾ? ಪ್ರತಿ ನೋಡ್ (ಜಾಲದ ಒಂದೊಂದು ಮಷೀನ್) ತನ್ನ ಎಣಿಕೆ ಇಟ್ಟುಕೊಳ್ಳುತ್ತದೆ, ಪ್ರತಿ ಸಂದೇಶದ ಜೊತೆ ಕಳಿಸುತ್ತದೆ. ಬಂದ ಎಣಿಕೆ ತನ್ನದಕ್ಕಿಂತ ದೊಡ್ಡದಿದ್ದರೆ ಅದನ್ನು ಮೀರಿಸಿ ಮುಂದೆ ಹೋಗುತ್ತದೆ. ಹಾರ್ಡ್‌ವೇರ್ ಖರ್ಚು ಸೊನ್ನೆ. ಹರಳು ಜಾರಿದರೂ, ಲೀಪ್ ಸೆಕೆಂಡ್ ಬಂದರೂ ಇದಕ್ಕೆ ಚಿಂತೆ ಇಲ್ಲ.

ಕೊರತೆ ಎರಡು. ಎಣಿಕೆ 57 ಎಂದರೆ ಗಂಟೆ ಎಷ್ಟು ಎಂದು ಯಾರಿಗೂ ತಿಳಿಯದು. ಹಾಗೇ 57 ಎನ್ನುವುದು 60ಕ್ಕೆ ಕಾರಣವೋ, ಎರಡೂ ಸುಮ್ನೆ ಅಕ್ಕಪಕ್ಕ ನಡೆದವೋ ಎಂದೂ ಅದು ಹೇಳುವುದಿಲ್ಲ. ಎರಡನೆಯದಕ್ಕೆ 1988ರ ಸುಮಾರಿಗೆ ವೆಕ್ಟರ್ ಕ್ಲಾಕ್ ಬಂತು. ಪ್ರತಿ ನೋಡಿಗೂ ಒಂದೊಂದು ಎಣಿಕೆ, ಎಲ್ಲವೂ ಸಂದೇಶದ ಜೊತೆ. ಇಬ್ಬರು ಒಂದೇ ದಾಖಲೆಯನ್ನು ಬೇರೆ ಬೇರೆ ಕಡೆ ತಿದ್ದಿದ್ದರೆ ಖಂಡಿತ ಗೊತ್ತಾಗುತ್ತದೆ. ನೋಡ್‌ಗಳು ಹೆಚ್ಚಿದಂತೆ ಹೊರೆಯೂ ಹೆಚ್ಚುತ್ತದೆ. ಐದಾರು ನೋಡಿಗೆ ಚೆಂದ, ಸಾವಿರಕ್ಕೆ ಕಷ್ಟ.

ಇವೆರಡರ ನಡುವಿನ ಜಾಣ ದಾರಿ ಹೈಬ್ರಿಡ್ ಲಾಜಿಕಲ್ ಕ್ಲಾಕ್, 2014ರದ್ದು. ಮುಂದುಗಡೆ ನಿಜ ಗಡಿಯಾರದ ಸಮಯ, ಹಿಂದುಗಡೆ ಸಣ್ಣ ಎಣಿಕೆ. ಕ್ರಮವೂ ತಪ್ಪುವುದಿಲ್ಲ, ಮನುಷ್ಯ ಓದಿದರೆ ಗಂಟೆಯೂ ತಿಳಿಯುತ್ತದೆ. ಕಾಕ್ರೋಚ್‌ಡಿಬಿ, ಯುಗಬೈಟ್‌ಡಿಬಿ ಎಂಬ ಡೇಟಾಬೇಸ್‌ಗಳು ಇದನ್ನು ಬಳಸುತ್ತವೆ. ಹೊಸ ಡೇಟಾಬೇಸ್ ವಿನ್ಯಾಸ ಮಾಡುವವರಿಗೆ ನನ್ನ ಮೊದಲ ಸಲಹೆ ಇದೇ. ಆದರೆ ಇದರ ರೋಗವನ್ನೂ ತಿಳಿದಿರಿ: ಒಂದು ನೋಡ್ ಒಂದು ಗಂಟೆ ಮುಂದೆ ಓಡಿದರೆ ಅದರ ಸಂದೇಶ ತಲುಪಿದವರೆಲ್ಲ ಅದರ ಹಿಂದೆ ಎಳೆಯಲ್ಪಡುತ್ತಾರೆ. ಅದಕ್ಕೇ ಒಂದು ಮಿತಿ ಬೇಕು. ಕಾಕ್ರೋಚ್‌ಡಿಬಿಯಲ್ಲಿ ಆ ಮಿತಿ ಮೊದಲಿನಿಂದ 500 ಮಿಲಿಸೆಕೆಂಡ್ ಎಂದು ಇಟ್ಟಿರುತ್ತದೆ. ತನ್ನ ಗಡಿಯಾರ ಉಳಿದವರಿಗಿಂತ ಇದರ ಶೇಕಡ 80ರಷ್ಟು ದೂರ ಹೋಗಿದೆ ಎಂದು ಕಂಡ ನೋಡ್ ತಾನಾಗಿಯೇ ಬಾಗಿಲು ಹಾಕಿಕೊಳ್ಳುತ್ತದೆ. ಇದು ನನಗೆ ತುಂಬ ಇಷ್ಟವಾದ ನಡವಳಿಕೆ. ತಪ್ಪು ಬರೆಯುವುದಕ್ಕಿಂತ ಬರೆಯದೆ ಇರುವುದು ಮೇಲು.

ಗೂಗಲ್ ತನ್ನ ಸ್ಪ್ಯಾನರ್ ಡೇಟಾಬೇಸ್‌ಗೆ ಬೇರೆ ದಾರಿ ಹಿಡಿಯಿತು, 2012ರಲ್ಲಿ ಅದನ್ನು ಪ್ರಕಟಿಸಿತು. ಟ್ರೂಟೈಮ್ ಎಂಬ ಅದರ ಗಡಿಯಾರ ಒಂದು ಸಮಯ ಹೇಳುವುದೇ ಇಲ್ಲ. "ಈಗಿನ ಸಮಯ ಇಲ್ಲಿಂದ ಇಲ್ಲಿಯವರೆಗೆ ಎಲ್ಲೋ ಇದೆ" ಎನ್ನುತ್ತದೆ. ಹಿಂದೆ ಜಿಪಿಎಸ್ ಮತ್ತು ಪರಮಾಣು ಗಡಿಯಾರ ಎರಡೂ ಇವೆ, ಯಾಕೆಂದರೆ ಅವೆರಡೂ ಕೆಡುವ ಕಾರಣ ಬೇರೆ ಬೇರೆ. ಮೂಲವನ್ನು ಒಮ್ಮೆ ಕೇಳಿದ ಮೇಲೆ ಮತ್ತೆ ಕೇಳುವವರೆಗಿನ 30 ಸೆಕೆಂಡ್ ಹರಳಿನ ಮೇಲೆ ಓಡುವಾಗ ಸೆಕೆಂಡಿಗೆ 200 ಮೈಕ್ರೋಸೆಕೆಂಡ್ ಜಾರಬಹುದು ಎಂದು ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ಅನಿಶ್ಚಿತತೆ ಸುಮಾರು 1ರಿಂದ 7 ಮಿಲಿಸೆಕೆಂಡ್ ನಡುವೆ ಏರಿಳಿಯುತ್ತದೆ. ಬರೆಯುವಾಗ ಆ ಅನಿಶ್ಚಿತತೆ ಕಳೆಯುವವರೆಗೆ ಕಾಯುತ್ತಾರೆ, ಆಮೇಲಷ್ಟೇ ಮುಗಿಯಿತು ಎನ್ನುತ್ತಾರೆ. ಅಂದರೆ ಗಡಿಯಾರ ಎಷ್ಟು ಚೆನ್ನಾಗಿದ್ದರೆ ಕಾಯುವಿಕೆ ಅಷ್ಟು ಕಡಿಮೆ. ನಿಖರತೆಗೆ ದುಡ್ಡು ಹಾಕಿದ್ದು ನೇರವಾಗಿ ವೇಗವಾಗಿ ವಾಪಸ್ ಬರುವ ಕೆಲವೇ ಕಡೆಗಳಲ್ಲಿ ಇದೊಂದು. ಸ್ವಂತವಾಗಿ ಕಟ್ಟಲು ಹೋಗಬೇಡಿ, ಬೇಕಾದರೆ ಸೇವೆಯಾಗಿ ಕೊಳ್ಳಿ.

ಎಷ್ಟು ಕೆಟ್ಟರೂ ತಡೆಯಬೇಕು?

ಹೊರಗಿನ ಮೂಲ ಇಲ್ಲದೆ ನೋಡ್‌ಗಳು ತಮ್ಮತಮ್ಮಲ್ಲೇ ಗಡಿಯಾರ ಹೊಂದಿಸಿಕೊಳ್ಳಬೇಕಾದರೆ ಲೆಕ್ಕ ಬಿಗಿಯಾಗುತ್ತದೆ. ಕೆಟ್ಟ ಗಡಿಯಾರ ಒಬ್ಬನಿಗೆ ಒಂದು, ಇನ್ನೊಬ್ಬನಿಗೆ ಇನ್ನೊಂದು ಸಮಯ ಹೇಳಬಹುದು. ಮೂವರಿದ್ದರೆ ಉಳಿದ ಇಬ್ಬರಿಗೆ ಸುಳ್ಳುಗಾರ ಯಾರು ಎಂದು ತಿಳಿಯುವುದಿಲ್ಲ. ಒಂದು ಇಂಥ ಎರಡು ನಾಲಿಗೆಯ ಗಡಿಯಾರವನ್ನು ತಡೆಯಲು ನಾಲ್ಕು ಬೇಕು, ಎರಡನ್ನು ತಡೆಯಲು ಏಳು. ಸಂದೇಶಗಳಿಗೆ ಸಹಿ ಇಲ್ಲದಿದ್ದಾಗಿನ ಲೆಕ್ಕ ಇದು, ಲ್ಯಾಂಪೋರ್ಟ್ ಮತ್ತು ಮೆಲಿಯರ್ ಸ್ಮಿತ್ 1985ರಲ್ಲಿ ಬರೆದದ್ದು. ವಿಮಾನದ ಕಂಪ್ಯೂಟರ್‌ನಂಥ ಕಡೆ ಇದು ಬೇಕು. ವೆಬ್ ಸರ್ವಿಸ್ ನಡೆಸುವವರಿಗೆ ಇಷ್ಟು ಬೇಡ.

ಅವರಿಗೆ ಬೇಕಾದ ತಡೆ ಕೋಡಿನಲ್ಲಿದೆ, ಅದೂ ಪುಕ್ಕಟೆ. ಎರಡು ಕ್ಷಣಗಳ ನಡುವಿನ ಅವಧಿ ಅಳೆಯಲು ಮಷೀನಿನ ದಿನಾಂಕ, ಗಂಟೆ ತೋರಿಸುವ ಗೋಡೆ ಗಡಿಯಾರ ಬಳಸಬೇಡಿ, ಹಿಂದೆ ಹೋಗದ ಮೊನೊಟಾನಿಕ್ ಗಡಿಯಾರ ಬಳಸಿ. 2017ರ ಜನವರಿ 1ರ ಲೀಪ್ ಸೆಕೆಂಡ್‌ಗೆ ಕ್ಲೌಡ್‌ಫ್ಲೇರ್ ಕಂಪನಿಯ ಡಿಎನ್‌ಎಸ್ (ವೆಬ್ ವಿಳಾಸ ಹುಡುಕಿಕೊಡುವ ಸೇವೆ) ಎಡವಿದ್ದು ಇಲ್ಲೇ. ಅವಧಿ ಸೊನ್ನೆಗಿಂತ ಕಡಿಮೆ ಬಂತು, ಪ್ರೋಗ್ರಾಂ ಬಿತ್ತು. ಅದೇ ವರ್ಷ ಗೋ ಭಾಷೆ ತನ್ನ ಸಮಯದ ಲೆಕ್ಕಕ್ಕೆ ಮೊನೊಟಾನಿಕ್ ಗಡಿಯಾರ ಸೇರಿಸಿತು.

ಇನ್ನು ಕ್ಯಾಸಾಂಡ್ರದಂತೆ "ಕೊನೆಗೆ ಬರೆದವನು ಗೆದ್ದ" ಎನ್ನುವ ಡೇಟಾಬೇಸ್ ಇದ್ದರೆ ಎಚ್ಚರ. ಒಂದು ಗಂಟೆ ಮುಂದಿದ್ದ ಮಷೀನ್ ಬರೆದದ್ದನ್ನು ಸರಿಯಾದ ಗಡಿಯಾರದವನು ಅಳಿಸಿದರೂ ಅದು ಅಳಿಯುವುದಿಲ್ಲ, ಒಂದು ಗಂಟೆ ಕಳೆಯುವವರೆಗೆ. ಯಾವ ದೋಷದ ಸಂದೇಶವೂ ಬರುವುದಿಲ್ಲ. ಸರ್ವರ್‌ಗಳು ಒಮ್ಮತಕ್ಕೆ ಬರಲು ಬಳಸುವ ರಾಫ್ಟ್, ಪ್ಯಾಕ್ಸೋಸ್ ವಿಧಾನಗಳು ಹಾಗಲ್ಲ, ಗಡಿಯಾರ ಕೆಟ್ಟರೆ ಅವು ನಿಧಾನವಾದಾವು, ತಪ್ಪು ಉತ್ತರ ಕೊಡವು. ಆದರೆ ವೇಗಕ್ಕಾಗಿ ಅವುಗಳ ಮೇಲೆ "ಇನ್ನು 10 ಸೆಕೆಂಡ್ ನಾನೇ ಲೀಡರ್" ಎಂಬ ಲೀಸ್ ಸೇರಿಸಿದಿರೋ, ಗಡಿಯಾರ ಹಿಂಬಾಗಿಲಿಂದ ಒಳಗೆ ಬಂತು. ಲೀಸ್ ಜೊತೆ ಪ್ರತಿ ಸಲವೂ ಏರುವ ಒಂದು ಸಂಖ್ಯೆ ಕೊಟ್ಟು, ಹಳೆಯ ಸಂಖ್ಯೆ ತಂದವನನ್ನು ಸ್ಟೋರೇಜ್ ತಿರಸ್ಕರಿಸುವಂತೆ ಮಾಡಿ.

ಹಾಗಾದರೆ ನೀವು?

ಹತ್ತಾರು ಸರ್ವರ್, ಮಾಮೂಲು ಡೇಟಾಬೇಸ್, ಲಾಗ್ ತಾಳೆಯಾಗಬೇಕು, ಅಷ್ಟೇ: ಕ್ರೋನಿ, ಬೇರೆ ಬೇರೆ ಯಜಮಾನರ ನಾಲ್ಕು ಎನ್‌ಟಿಪಿ ಸರ್ವರ್. ಹೊಸದಾಗಿ ಏನೂ ಕೊಳ್ಳಬೇಡಿ. ಉಳಿದ ದುಡ್ಡನ್ನು ನಿಗಾ ವ್ಯವಸ್ಥೆಗೆ ಹಾಕಿ.

ಹೊರಗಿನ ಇಂಟರ್ನೆಟ್ ಇಲ್ಲದ ಮುಚ್ಚಿದ ಜಾಲ: ಸ್ವಂತ ಜಿಪಿಎಸ್ ಅನಿವಾರ್ಯ. ಒಂದೇ ಪೆಟ್ಟಿಗೆಗೆ ದುಬಾರಿ ರುಬಿಡಿಯಂ ಹಾಕಿಸುವ ಬದಲು ಬೇರೆ ಬೇರೆ ತಯಾರಕರ ಮೂರು ಸಾಧಾರಣ ಪೆಟ್ಟಿಗೆ ತನ್ನಿ. ಬಜೆಟ್ ಎರಡಕ್ಕೇ ನಿಂತರೆ, ಜಗಳ ಬಂದಾಗ ಯಾರ ಮಾತು ಕೇಳಬೇಕು ಎಂದು ಮೊದಲೇ ಬರೆದಿಡಿ. ನಡುರಾತ್ರಿ ತೀರ್ಮಾನಿಸುವ ವಿಷಯ ಅದಲ್ಲ.

ಮೈಕ್ರೋಸೆಕೆಂಡ್ ನಿಯಮವೇ ಇದ್ದರೆ ಪಿಟಿಪಿಗೆ ಬದಲಿ ಇಲ್ಲ. ಸ್ವಿಚ್‌ಗಳ ಪಟ್ಟಿ ಮಾಡಿ, ಬೆಂಬಲ ಇಲ್ಲದವನ್ನು ಎಣಿಸಿ, ನಿಜವಾದ ಬೆಲೆ ಅಲ್ಲಿ ಕಾಣುತ್ತದೆ. ಪಕ್ಕದ ಎನ್‌ಟಿಪಿ ಕಾವಲನ್ನು ಮರೆಯಬೇಡಿ.

ಡೇಟಾಬೇಸನ್ನೇ ಕಟ್ಟುತ್ತಿದ್ದರೆ ಹೈಬ್ರಿಡ್ ಲಾಜಿಕಲ್ ಕ್ಲಾಕ್, ಕೆಳಗೆ ಸಾಧಾರಣ ಎನ್‌ಟಿಪಿ, ಮಿತಿ ಮೀರಿದ ನೋಡ್ ತಾನಾಗಿ ನಿಲ್ಲುವ ನಿಯಮ.

ಯಾವುದನ್ನೇ ಆರಿಸಿದರೂ, ಸಹಿ ಹಾಕುವ ಮುಂಚೆ ಪರೀಕ್ಷಾ ಕ್ಲಸ್ಟರಿನಲ್ಲಿ ಒಂದು ಮಧ್ಯಾಹ್ನ ಕಳೆಯಿರಿ. ಒಂದು ನೋಡಿನ ಗಡಿಯಾರವನ್ನು ಕೈಯಾರೆ 2 ಸೆಕೆಂಡ್ ಮುಂದಕ್ಕೆ ತಳ್ಳಿ. ಆಮೇಲೆ ಒಂದು ಗಂಟೆ ಹಿಂದಕ್ಕೆ. ಸಿಂಕ್ ಸರ್ವಿಸನ್ನು ನಿಲ್ಲಿಸಿ ಒಂದು ದಿನ ಬಿಡಿ. ಒಂದು ಮೂಲ ಸರ್ವರಿಗೆ ಬೇಕೆಂದೇ ತಪ್ಪು ಸಮಯ ಕೊಡಿ. ಪ್ರತಿ ಸಲವೂ ಬರೆದುಕೊಳ್ಳಬೇಕಾದ್ದು ಒಂದೇ: ಅಲಾರ್ಮ್ ಕೂಗಲು ಎಷ್ಟು ಹೊತ್ತು ಹಿಡಿಯಿತು? ನನ್ನ ಆ 3 ಸೆಕೆಂಡಿನ ಮಷೀನಿಗೆ ಒಂದು ದಿನ ಹಿಡಿದಿತ್ತು, ಅದೂ ಅಲಾರ್ಮ್‌ನಿಂದಲ್ಲ, ನಿದ್ದೆಗೆಟ್ಟು ಲಾಗ್ ಓದಿದ್ದರಿಂದ.